ಗಿಡ್ಡ ತಂತಿ, ಒಂದೇ ಅರ್ಥ್: ಮೋಟರ್ ಡ್ರೈವ್‌ಗಳನ್ನು ಸರ್ಜ್‌ನಿಂದ ಉಳಿಸುವ ವೈರಿಂಗ್

ಏಪ್ರಿಲ್ ಕೊನೆಗೆ ಭರಣಿ ಮಳೆ ಕೂಡಿತೆಂದರೆ ರೋಹಿಣಿ ಮುಗಿಯುವ ತನಕ ನಮ್ಮ ಕಡೆ ಗುಡುಗು-ಸಿಡಿಲಿನದೇ ಕಾರುಬಾರು. ಬೆಳಗಾವಿ ಉದ್ಯಮಬಾಗದ ಫೌಂಡ್ರಿ ಇರಲಿ, ಇಳಕಲ್ಲಿನ ಗ್ರಾನೈಟ್ ಪಾಲಿಶ್ ಮಶೀನಿರಲಿ, ಮುಧೋಳ-ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆ ಇರಲಿ, ವಿಜಯಪುರದ ಕೋಲ್ಡ್ ಸ್ಟೋರೇಜ್ ಇರಲಿ, ಮೋಟರಿನ ಮುಂದೆ ಈಗ ಸ್ಟಾರ್ಟರ್ ಬದಲು ಡ್ರೈವ್, ಅಂದರೆ ಮೋಟರಿನ ವೇಗ ಹೆಚ್ಚು-ಕಡಿಮೆ ಮಾಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಕೂತಿದೆ. ಹಳೆಯ ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ಇದ್ದದ್ದು ತಾಮ್ರದ ಕಾಯಿಲ್ ಮತ್ತು ಬೆಳ್ಳಿಯ ಕಾಂಟ್ಯಾಕ್ಟ್. ಒಂದು ಪೆಟ್ಟು ತಿಂದರೂ ತಡೆದುಕೊಳ್ಳುತ್ತಿತ್ತು. 415 ವೋಲ್ಟಿನ ಡ್ರೈವ್‌ನಲ್ಲಿ ಸಾಮಾನ್ಯವಾಗಿ ಇರುವುದು 1600 ವೋಲ್ಟಿನ ಡಯೋಡ್, 1200 ವೋಲ್ಟಿನ ಐಜಿಬಿಟಿ ಎಂಬ ಎಲೆಕ್ಟ್ರಾನಿಕ್ ಸ್ವಿಚ್. ಆ ಮಿತಿ ದಾಟಿದ ವೋಲ್ಟೇಜ್ ಪೆಟ್ಟು, ಅಂದರೆ ಸರ್ಜ್, ಕೆಲವೇ ಮೈಕ್ರೋಸೆಕೆಂಡ್ ನಿಂತರೂ ಅವು ಹೋದವು ಎಂದೇ ಲೆಕ್ಕ.

ಇಲ್ಲಿ ಉದಾಹರಣೆಗೆ ಹಿಡಿದಿರುವುದು 20 ಎಚ್‌ಪಿ, ಅಂದರೆ 15 ಕಿಲೋವ್ಯಾಟ್‌ನ ಒಂದು ಡ್ರೈವ್. ಮೋಟರ್ ಕರೆಂಟ್ ಸುಮಾರು 28 ಆಂಪಿಯರ್, ಡ್ರೈವ್ ರೇಟಿಂಗ್ 32 ಆಂಪಿಯರ್. ನಿಮ್ಮದು ಸಣ್ಣದಿರಲಿ ದೊಡ್ಡದಿರಲಿ, ಲೆಕ್ಕ ಹಾಕುವ ದಾರಿ ಇದೇ.

ಕೈ ಹಾಕುವ ಮುನ್ನ

ಐಸೊಲೇಟರ್ ಆಫ್ ಮಾಡಿ, ಬೀಗ ಹಾಕಿ, ಕೀಲಿ ಕೆಲಸ ಮಾಡುವವನ ಜೇಬಿನಲ್ಲೇ ಇರಲಿ. ಆಫ್ ಮಾಡಿದ ಕೂಡಲೇ ಡ್ರೈವ್ ಸತ್ತಿರುವುದಿಲ್ಲ. ಒಳಗಿನ ಕೆಪ್ಯಾಸಿಟರುಗಳಲ್ಲಿ 415ರ 1.414 ಪಟ್ಟು, ಅಂದರೆ 587 ವೋಲ್ಟ್ ಡಿಸಿ ನಿಂತಿರುತ್ತದೆ. ಸಣ್ಣ ಡ್ರೈವ್‌ಗೆ 5 ನಿಮಿಷ, ದೊಡ್ಡದಕ್ಕೆ 10-15 ನಿಮಿಷ ಕಾಯಬೇಕೆಂದು ಮುಚ್ಚಳದ ಮೇಲೇ ಬರೆದಿರುತ್ತಾರೆ. ಅಷ್ಟು ಕಾಯಿರಿ, ಆಮೇಲೂ ಡಿಸಿ ಪ್ಲಸ್ ಮತ್ತು ಮೈನಸ್ ಟರ್ಮಿನಲ್ ನಡುವೆ ಅಳೆದು ನೋಡಿ. ಡಿಸ್‌ಪ್ಲೇ ಆರಿತು ಎನ್ನುವುದು ಗುರುತಲ್ಲ. ಡಿಸ್‌ಪ್ಲೇ ಆರಿದ ಮೇಲೂ ಡಿಸಿ ಬಸ್‌ನಲ್ಲಿ, ಅಂದರೆ ಆ ಕೆಪ್ಯಾಸಿಟರುಗಳು ಕೂಡಿರುವ ಒಳಗಿನ ಡಿಸಿ ಲೈನಿನಲ್ಲಿ, ಕೊಲ್ಲುವಷ್ಟು ವೋಲ್ಟೇಜ್ ಇರಬಲ್ಲದು. ಮೀಟರ್ ಕ್ಯಾಟ್-3 (ಸುರಕ್ಷತಾ ದರ್ಜೆ), 1000 ವೋಲ್ಟಿನದಿರಲಿ. ಸಂತೆಯ ಅಗ್ಗದ ಮೀಟರನ್ನು ಡಿಸಿ ಬಸ್‌ಗೆ ಹಚ್ಚಬೇಡಿ.

ಇನ್ನೊಂದು ಮಾತು. 415 ವೋಲ್ಟಿನ ಇನ್‌ಸ್ಟಾಲೇಶನ್ ಕೆಲಸ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಕೈಯಿಂದಲೇ ಆಗಬೇಕು. ಹೆಸ್ಕಾಂನ ಕಂಬ, ಅವರ ಟಿಸಿ (ಟ್ರಾನ್ಸ್‌ಫಾರ್ಮರ್), ಅದರ ಅರ್ಥ್ ಪಟ್ಟಿ ನಿಮ್ಮ ಸರಹದ್ದಲ್ಲ. ಅಲ್ಲಿ ಪಟ್ಟಿ ಕಿತ್ತುಹೋಗಿದ್ದು ಕಂಡರೆ ಸೆಕ್ಷನ್ ಆಫೀಸಿಗೆ ಬರಹದಲ್ಲಿ ಕೊಡಿ, ಸ್ವೀಕೃತಿ ಪ್ರತಿ ಇಟ್ಟುಕೊಳ್ಳಿ.

ಪೆಟ್ಟು ಯಾವ ದಾರಿಯಿಂದ ಬಂತು?

ಡ್ರೈವ್ ಸುಟ್ಟರೆ ಎಲ್ಲರ ಬಾಯಲ್ಲೂ ಬರುವ ಮಾತು “ಸಿಡಿಲು ಹೊಡೀತು”. ಅರ್ಧ ಸಲ ಅದು ಸಿಡಿಲಾಗಿರುವುದೇ ಇಲ್ಲ. ಹೊಸ ಡ್ರೈವ್ ತರುವ ಮೊದಲು ಸುಟ್ಟದ್ದನ್ನು ಬಿಚ್ಚಿ ನೋಡಿ, ಫಾಲ್ಟ್ ಹಿಸ್ಟರಿ ಓದಲು ಬರುವಂತಿದ್ದರೆ ಓದಿ.

ಇನ್‌ಪುಟ್ ಕಡೆಯ ನೀಲಿ ಬಿಲ್ಲೆಯಂಥ ಎಂಒವಿಗಳು (ಸರ್ಜ್ ಹೀರುವ ಬಿಡಿಭಾಗಗಳು) ಒಡೆದು ಮಸಿಯಾಗಿದ್ದರೆ, ಇನ್‌ಪುಟ್ ಡಯೋಡುಗಳು ಶಾರ್ಟ್ ಆಗಿದ್ದರೆ ಪೆಟ್ಟು ಲೈನಿನಿಂದ ಬಂದದ್ದು. ಐಜಿಬಿಟಿ ಮಾತ್ರ ಹೋಗಿ ಇನ್‌ಪುಟ್ ಸರಿ ಇದ್ದರೆ ಮೊದಲು ಮೋಟರ್ ಕೇಬಲ್ ಮತ್ತು ಮೋಟರ್ ವೈಂಡಿಂಗ್ ಮೇಲೆ ಅನುಮಾನಪಡಿ. ಕರೆಂಟ್ ಬಂದಾಗ ಕೆಪ್ಯಾಸಿಟರನ್ನು ನಿಧಾನಕ್ಕೆ ತುಂಬಿಸುವ ಪ್ರೀಚಾರ್ಜ್ ರೆಸಿಸ್ಟರ್ ಮಾತ್ರ ಸುಟ್ಟಿದ್ದರೆ ಕರೆಂಟ್ ಮೇಲಿಂದ ಮೇಲೆ ಹೋಗಿ ಬಂದಿದೆ, ಇಲ್ಲವೇ ಯಾರೋ ಇನ್‌ಪುಟ್ ಕಾಂಟ್ಯಾಕ್ಟರಿನಿಂದಲೇ ಮೋಟರ್ ಚಾಲೂ-ಬಂದ್ ಮಾಡುತ್ತಿದ್ದಾರೆ. ಸಂವಹನದ ಪೋರ್ಟ್ ಅಥವಾ ಅನಲಾಗ್ ಇನ್‌ಪುಟ್ ಮಾತ್ರ ಸತ್ತಿದ್ದರೆ ಪೆಟ್ಟು ಸಿಗ್ನಲ್ ವೈರಿನಲ್ಲಿ ಬಂದಿದೆ. ಪವರ್ ಕಡೆ ಎಷ್ಟೇ ಖರ್ಚು ಮಾಡಿದರೂ ಅದು ನಿಲ್ಲದು.

ಓವರ್‌ವೋಲ್ಟೇಜ್ ಟ್ರಿಪ್ ವಿಷಯದಲ್ಲೂ ಹೀಗೇ. ಈ ವರ್ಗದ ಡ್ರೈವ್‌ಗಳು ಡಿಸಿ ಬಸ್ 800 ವೋಲ್ಟಿನ ಆಸುಪಾಸು ಬಂದಾಗ ಟ್ರಿಪ್ ಆಗುತ್ತವೆ. ಮೋಟರ್ ನಿಲ್ಲಿಸುವಾಗ ಈ ಟ್ರಿಪ್ ಬಂದರೆ ಅದಕ್ಕೂ ಸಿಡಿಲಿಗೂ ಸಂಬಂಧವಿಲ್ಲ: ತಿರುಗುತ್ತಿರುವ ಭಾರ ಮೋಟರನ್ನೇ ಜನರೇಟರ್ ಮಾಡಿ ಬಸ್‌ಗೆ ವೋಲ್ಟೇಜ್ ತಳ್ಳಿದೆ. ಡಿಸೆಲರೇಶನ್ ಸಮಯ ಹೆಚ್ಚಿಸಿ ಅಥವಾ ಬ್ರೇಕ್ ರೆಸಿಸ್ಟರ್ ಹಾಕಿ. ಮೋಟರ್ ಒಂದೇ ಸ್ಪೀಡಿನಲ್ಲಿ ಓಡುವಾಗ ಅಥವಾ ನಿಂತಿರುವಾಗಲೇ ಟ್ರಿಪ್ ಬಂದರೆ ಲೈನಿನ ಕಡೆ ನೋಡಬೇಕು. ಆಗಲೂ ಮೊದಲ ಅನುಮಾನ ನಿಮ್ಮದೇ ಶೆಡ್ಡಿನ ಎಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ) ಪ್ಯಾನಲ್ ಮೇಲಿರಲಿ. ಅದರ ಕೆಪ್ಯಾಸಿಟರ್ ಬ್ಯಾಂಕ್ ಒಳಬಂದ ಕ್ಷಣಕ್ಕೂ ಟ್ರಿಪ್ ಆದ ಕ್ಷಣಕ್ಕೂ ಹೊಂದಿಕೆಯಾದರೆ ಕಳ್ಳ ಸಿಕ್ಕ. ಕೆಪ್ಯಾಸಿಟರಿನ ಮುಂದೆ 7 ಶೇಕಡಾ ಡಿಟ್ಯೂನ್ಡ್ ರಿಯಾಕ್ಟರ್ ಇಲ್ಲದ ಹಳೆಯ ಪ್ಯಾನಲ್ ಮತ್ತು ಡ್ರೈವ್ ಒಂದೇ ಬಸ್ ಬಾರ್ ಮೇಲೆ ಬಾಳುವುದು ಕಷ್ಟ.

ನ್ಯೂಟ್ರಲ್ ಕಟ್ಟಾಗುವುದು ಬೇರೆಯೇ ರೋಗ. ನ್ಯೂಟ್ರಲ್ ಸಡಿಲಾದರೆ ಒಂದು ಫೇಸಿಗೆ 230ರ ಬದಲು 350-400 ವೋಲ್ಟ್ ಬಂದು ನಿಮಿಷಗಟ್ಟಲೆ ನಿಲ್ಲಬಹುದು. ಡ್ರೈವ್‌ನ ಮೂರು ಫೇಸಿಗೆ ನ್ಯೂಟ್ರಲ್ ಬೇಕಿಲ್ಲ, ಹಾಗಾಗಿ ಅದು ಬದುಕುತ್ತದೆ. ಪ್ಯಾನಲಿನ ಫ್ಯಾನ್, 24 ವೋಲ್ಟಿನ ಪವರ್ ಸಪ್ಲೈ, ಪಿಎಲ್‌ಸಿ (ಮಶೀನ್ ನಡೆಸುವ ಕಂಟ್ರೋಲರ್) ಸುಡುತ್ತವೆ. ಸರ್ಜನ್ನು ಅರ್ಥಿಗೆ ಇಳಿಸುವ ಸರ್ಜ್ ಅರೆಸ್ಟರ್ ಇದನ್ನು ತಡೆಯುವುದಿಲ್ಲ. ಅದು ಮೈಕ್ರೋಸೆಕೆಂಡುಗಳ ಕೆಲಸಕ್ಕೆ ಹುಟ್ಟಿದ್ದು, ನಿಮಿಷ ನಿಲ್ಲಿಸಿದರೆ ಅದೇ ಬೆಂದುಹೋಗುತ್ತದೆ. ಕಂಟ್ರೋಲ್ ಸರ್ಕ್ಯೂಟಿಗೆ ಫೇಸ್-ನ್ಯೂಟ್ರಲ್ ತೆಗೆದುಕೊಳ್ಳುವ ಬದಲು 415ರಿಂದ 230ಕ್ಕೆ ಇಳಿಸುವ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಈ ಕಾಟ ತಪ್ಪಿತು.

ಡ್ರೈವ್‌ಗೆ ಗೊತ್ತಿರುವ ಅರ್ಥ್ ಯಾವುದು

ಅರ್ಥಿಂಗ್ ಎಂದ ಕೂಡಲೇ ಜನ ಅರ್ಥ್ ಗುಂಡಿಯ ಓಮ್ (ರೆಸಿಸ್ಟನ್ಸ್) ಕೇಳುತ್ತಾರೆ. “1 ಓಮ್ ಬಂದೈತ್ರಿ” ಅಂದರೆ ಮುಗಿಯಿತು. ಆದರೆ ಡ್ರೈವ್‌ಗೆ ಗುಂಡಿ ಕಾಣುವುದಿಲ್ಲ. ಅದಕ್ಕೆ ಗೊತ್ತಿರುವುದು ತನ್ನ ಫೇಸ್ ಟರ್ಮಿನಲ್ಲಿಗೂ ತನ್ನ ಬಾಡಿಗೂ ನಡುವಿನ ವೋಲ್ಟೇಜ್ ಮಾತ್ರ. ಸರ್ಜ್ ಅರೆಸ್ಟರಿನ ಹಸಿರು ತಂತಿ ಮತ್ತು ಡ್ರೈವ್ ಬಾಡಿಯ ಹಸಿರು ತಂತಿ ಪ್ಯಾನಲಿನ ಒಂದೇ ಪಟ್ಟಿಯ ಮೇಲೆ ಕೂಡಿದರೆ, ಆ ಪಟ್ಟಿಯಿಂದ ಗುಂಡಿಯವರೆಗಿನ ದಾರಿಯಲ್ಲಿ ಎಷ್ಟೇ ವೋಲ್ಟೇಜ್ ಎದ್ದರೂ ಡ್ರೈವ್‌ನ ಫೇಸ್ ಮತ್ತು ಬಾಡಿ ಎರಡೂ ಜೊತೆಗೇ ಏರುತ್ತವೆ, ಜೊತೆಗೇ ಇಳಿಯುತ್ತವೆ. ಡ್ರೈವ್‌ಗೆ ಏನೂ ತಗುಲದು.

ನಮ್ಮ ಕಡೆ ಮಾಡುವ ಅತಿ ದುಬಾರಿ ತಪ್ಪು ಇದರ ತದ್ವಿರುದ್ಧದ್ದು: ಎಲೆಕ್ಟ್ರಾನಿಕ್ಸ್ ಸಾಮಾನಿಗೆ “ಕ್ಲೀನ್ ಅರ್ಥ್” ಬೇಕೆಂದು ಶೆಡ್ಡಿನ ಹಿಂದೆ ಬೇರೆ ಗುಂಡಿ ತೋಡಿ, ಉಳಿದ ಯಾವ ಅರ್ಥಿಗೂ ಕೂಡಿಸದೆ ಡ್ರೈವ್‌ಗೆ ಎಳೆಯುವುದು. ಲೆಕ್ಕ ನೋಡಿ. ಸಿಡಿಲಿನ ಕರೆಂಟಿನಲ್ಲಿ 10,000 ಆಂಪಿಯರ್ ಮುಖ್ಯ ಗುಂಡಿಗೆ ಇಳಿಯಿತು ಎನ್ನೋಣ. ಗುಂಡಿ ಚೆನ್ನಾಗಿದೆ, 2 ಓಮ್. ಆದರೂ ಆ ಕ್ಷಣ ಮುಖ್ಯ ಅರ್ಥ್ ಪಟ್ಟಿ 20,000 ವೋಲ್ಟಿಗೆ ಏರುತ್ತದೆ. ದೂರದ ಕ್ಲೀನ್ ಗುಂಡಿ ಸೊನ್ನೆಯ ಹತ್ತಿರವೇ ಇದೆ. ಈ 20,000 ವೋಲ್ಟ್ ಈಗ ಎಲ್ಲಿ ನಿಂತಿತು? ಡ್ರೈವ್‌ನ ಫೇಸಿಗೂ ಬಾಡಿಗೂ ನಡುವೆ. ಬೇರೆ ಗುಂಡಿ ಇದ್ದರೆ ಇರಲಿ, ತೆಗೆಯಬೇಕಿಲ್ಲ. ನೆಲದಡಿಯಲ್ಲಿ 25×6 ಎಂಎಂ ಜಿಐ ಪಟ್ಟಿಯಿಂದ ಮುಖ್ಯ ಅರ್ಥಿಗೆ ಕೂಡಿಸಿ. ಕಟ್ಟಡದ ಸಿಡಿಲು ಕಂಬಿ, ಶೆಡ್ಡಿನ ಕಬ್ಬಿಣದ ಕಂಬಗಳು, ಸ್ವಂತ ಟಿಸಿ ಇದ್ದರೆ ಅದರ ನ್ಯೂಟ್ರಲ್ ಮತ್ತು ಬಾಡಿ ಗುಂಡಿಗಳು, ಡಿಜಿ (ಡೀಸೆಲ್ ಜನರೇಟರ್) ಸೆಟ್ಟಿನ ಅರ್ಥ್, ಎಲ್ಲವೂ ಒಂದೇ ಜಾಲಕ್ಕೆ ಬರಬೇಕು. ಭಾರತೀಯ ಅರ್ಥಿಂಗ್ ಸ್ಟ್ಯಾಂಡರ್ಡ್ ಐಎಸ್ 3043 ಹೇಳುವುದೂ ಇದನ್ನೇ.

ಹಾಗೆಂದು ಗುಂಡಿಯನ್ನು ಹೇಗೆ ಬೇಕೋ ಹಾಗೆ ಹಾಕುವಂತಿಲ್ಲ. 17 ಎಂಎಂ ದಪ್ಪ, 3 ಮೀಟರ್ ಉದ್ದದ ಒಂದು ರಾಡಿಗೆ ಮಣ್ಣಿನ ರೆಸಿಸ್ಟಿವಿಟಿ 10 ಓಮ್-ಮೀಟರ್ ಇದ್ದರೆ ಸುಮಾರು 3.5 ಓಮ್ ಬರುತ್ತದೆ. 100 ಇದ್ದರೆ 35 ಓಮ್. 300 ಇದ್ದರೆ 100 ಓಮ್ ದಾಟುತ್ತದೆ. ವಿಜಯಪುರ, ಬಾಗಲಕೋಟೆಯ ಎರೆಭೂಮಿ ಹಸಿ ಇದ್ದಾಗ ಮೊದಲಿನ ಸಾಲಿಗೆ ಹತ್ತಿರ. ಆದರೆ ಬೇಸಿಗೆಯಲ್ಲಿ ಅದು ಬಿರಿಯುತ್ತದೆ, ರಾಡಿನ ಮೈಗೂ ಮಣ್ಣಿಗೂ ನಡುವೆ ಬೆರಳು ಹೋಗುವಷ್ಟು ಸಂದು ಬೀಳುತ್ತದೆ, ಸೆಪ್ಟೆಂಬರಿನಲ್ಲಿ 3 ತೋರಿಸಿದ ಗುಂಡಿ ಮೇ ತಿಂಗಳಲ್ಲಿ ನಾಲ್ಕಾರು ಪಟ್ಟು ತೋರಿಸಬಹುದು. ಬೆಳಗಾವಿ ಕಡೆಯ ಜಂಬಿಟ್ಟಿಗೆ ಮಣ್ಣಿನದು ಬೇರೆ ಸಮಸ್ಯೆ: ಎಷ್ಟು ಮಳೆ ಬಿದ್ದರೂ ನೀರು ನಿಲ್ಲದೆ ಬಸಿದು ಹೋಗುತ್ತದೆ.

ಆದ್ದರಿಂದ 150 ಎಂಎಂ ಅಗಲದ ಬೋರ್ ಹಾಕಿ, ನಡುವೆ ತಾಮ್ರ ಲೇಪಿತ ರಾಡ್ ಇಳಿಸಿ, ಸುತ್ತ ಬೆಂಟೊನೈಟ್ ಅಥವಾ ಅರ್ಥಿಂಗ್ ಕಾಂಪೌಂಡನ್ನು ನೀರಿನಲ್ಲಿ ಕಲಸಿ ತುಂಬಿ. 3 ಮೀಟರ್ ಆಳದ ಇಂಥ ಬೋರಿಗೆ ಸುಮಾರು 53 ಲೀಟರ್ ಕಲಸಿದ ರಾಡಿ (ಕೆಸರು) ಹಿಡಿಯುತ್ತದೆ. ಒಂದು ಚೀಲ ತಂದು ಮೇಲಷ್ಟೇ ಸುರಿದು ಮುಚ್ಚುವ ಕೆಲಸ ಬೇಡ. ರಾಡಿನ ತಾಮ್ರದ ಲೇಪ 250 ಮೈಕ್ರಾನ್ ಇರಬೇಕು. ಹೊಳೆಯುವ ರಾಡೆಲ್ಲ ಅಷ್ಟು ದಪ್ಪದ್ದಲ್ಲ, ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಇದ್ದಿಲು-ಉಪ್ಪಿನ ಹಳೇ ಗುಂಡಿ ಮೊದಲ ವರ್ಷ ಒಳ್ಳೆಯ ರೀಡಿಂಗ್ ಕೊಡುತ್ತದೆ, ಆಮೇಲೆ ಉಪ್ಪು ಬಸಿದುಹೋಗುತ್ತದೆ, ಹೋಗುವ ಮೊದಲು ಜಿಐ ಪೈಪನ್ನೂ ತಿಂದಿರುತ್ತದೆ. ಒಂದು ರಾಡ್ ಸಾಲದಿದ್ದರೆ ಎರಡನೆಯದನ್ನು ಕನಿಷ್ಠ 3, ಸಾಧ್ಯವಾದರೆ 6 ಮೀಟರ್ ದೂರ ಹಾಕಿ. ಪಕ್ಕಪಕ್ಕದಲ್ಲೇ ಹೂತರೆ ಎರಡೂ ಅದೇ ಮಣ್ಣನ್ನು ಹಂಚಿಕೊಳ್ಳುತ್ತವೆ, ಓಮ್ ಅರ್ಧಕ್ಕೆ ಇಳಿಯುವುದಿಲ್ಲ. ಜಂಬಿಟ್ಟಿಗೆ ನೆಲದಲ್ಲಿ ಆಳಕ್ಕಿಂತ ಅಗಲ ವಾಸಿ: ಶೆಡ್ಡಿನ ಸುತ್ತ ಅರ್ಧ ಮೀಟರಿಗಿಂತ ಆಳದಲ್ಲಿ ಪಟ್ಟಿಯ ಉಂಗುರ ಎಳೆದು ಅಲ್ಲಲ್ಲಿ ರಾಡ್ ಹೊಡೆಯಿರಿ.

ಕಾರ್ಖಾನೆಗಳು ಸಾಮಾನ್ಯವಾಗಿ ಗುರಿ ಇಡುವುದು 5 ಓಮ್‌ಗಿಂತ ಕಡಿಮೆ. ಸಿಡಿಲು ರಕ್ಷಣೆಯ 62305 ಸ್ಟ್ಯಾಂಡರ್ಡ್ 10 ಓಮ್‌ಗಿಂತ ಕಡಿಮೆ ಇದ್ದರೆ ಒಳ್ಳೆಯದೆನ್ನುತ್ತದೆ. ಅಳೆಯುವುದು ಮೇ ತಿಂಗಳಲ್ಲಿ, ನೆಲ ಒಣಗಿದಾಗ. ಕಬ್ಬಿನ ಸೀಸನ್ ಮುಗಿಸಿ ಮಿಲ್ಲು ನಿಂತಿರುವುದೂ ಆಗಲೇ, ಹಾಗಾಗಿ ಸಕ್ಕರೆ ಕಾರ್ಖಾನೆಯವರಿಗೆ ಸಮಯವಿಲ್ಲ ಎನ್ನುವ ನೆಪವೂ ಇಲ್ಲ.

ಹೆಸ್ಕಾಂ ಕಂಬದಿಂದ ಎಲ್‌ಟಿ (415 ವೋಲ್ಟ್) ಸಪ್ಲೈ ಇರುವ ಸಣ್ಣ ಶೆಡ್ಡಿನವರು ಇನ್ನೊಂದು ಲೆಕ್ಕ ಗಮನಿಸಬೇಕು. ನಿಮ್ಮ ಗುಂಡಿ 5 ಓಮ್, ಟಿಸಿ ನ್ಯೂಟ್ರಲ್ ಗುಂಡಿ 2 ಓಮ್. ಮೋಟರಿನ ಒಳಗೆ ಒಂದು ಫೇಸ್ ಬಾಡಿಗೆ ತಾಗಿದರೆ ಹರಿಯುವ ಕರೆಂಟ್ 240 ಭಾಗಿಸು 7, ಅಂದರೆ 34 ಆಂಪಿಯರ್. 63 ಆಂಪಿಯರಿನ ಎಂಸಿಸಿಬಿ (ಸರ್ಕ್ಯೂಟ್ ಬ್ರೇಕರ್) ಇದಕ್ಕೆ ಜಗ್ಗುವುದೇ ಇಲ್ಲ, ಬಾಡಿಯಲ್ಲಿ ಕರೆಂಟ್ ನಿಂತೇ ಇರುತ್ತದೆ. ಒಳ್ಳೆಯ ಗುಂಡಿ ಇದ್ದರೂ ಲೀಕೇಜ್ ರಕ್ಷಣೆ ಬೇಕೇ ಬೇಕು ಎನ್ನುವುದು ಇದಕ್ಕೇ. ಡ್ರೈವ್ ಮುಂದೆ ಹಾಕುವ ಆರ್‌ಸಿಸಿಬಿ (ಲೀಕೇಜ್ ಬ್ರೇಕರ್) ಟೈಪ್-ಬಿ, 300 ಮಿಲಿಆಂಪಿಯರ್ ಇರಲಿ. ಮನೆಗೆ ಹಾಕುವ ಟೈಪ್-ಎಸಿ, 30 ಮಿಲಿಆಂಪಿಯರಿನದು ಡ್ರೈವ್‌ನ ಸಹಜ ಲೀಕೇಜಿಗೇ ಟ್ರಿಪ್ ಆಗುತ್ತದೆ, ಡಿಸಿ ಲೀಕೇಜ್ ಬಂದರೆ ಕುರುಡಾಗುತ್ತದೆ.

ಸರ್ಜ್ ಅರೆಸ್ಟರ್: ಯಾವುದು, ಎಲ್ಲಿ, ಎಷ್ಟು ತಂತಿ

ಪ್ಯಾನಲ್ ಮಾಡುವವರು ಎಸ್‌ಪಿಡಿ ಎನ್ನುವುದು ಇದಕ್ಕೇ. ಲೈನ್ ಓವರ್‌ಹೆಡ್ ಬಂದಿದ್ದರೆ ಅಥವಾ ಕಟ್ಟಡದ ಮೇಲೆ ಸಿಡಿಲು ಕಂಬಿ ಇದ್ದರೆ ಮೇನ್ ಪ್ಯಾನಲ್ಲಿನಲ್ಲಿ ಟೈಪ್ 1+2, ಪ್ರತಿ ಪೋಲಿಗೆ ಕನಿಷ್ಠ 12.5 ಕಿಲೋಆಂಪಿಯರ್ ಇಂಪಲ್ಸ್ ರೇಟಿಂಗ್‌ನದು ಹಾಕಿ. ಅಲ್ಲಿಂದ ಡ್ರೈವ್ ಪ್ಯಾನಲ್ 10 ಮೀಟರಿಗಿಂತ ದೂರ ಇದ್ದರೆ ಡ್ರೈವ್ ಹತ್ತಿರ ಇನ್ನೊಂದು ಟೈಪ್ 2, ನಾಮಿನಲ್ 20, ಗರಿಷ್ಠ 40 ಕಿಲೋಆಂಪಿಯರಿನದು. ಯುಸಿ, ಅಂದರೆ ನಿರಂತರ ತಾಳುವ ವೋಲ್ಟೇಜ್, 320 ಅಥವಾ 385 ಇರಲಿ. 275ರದು ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಆದರೆ ರಾತ್ರಿ ಲೋಡ್ ಇಳಿದು ವೋಲ್ಟೇಜ್ ಉಬ್ಬುವ ನಮ್ಮ ಫೀಡರುಗಳಲ್ಲಿ ಅದು ಬಿಸಿಯಾಗಿಯೇ ಸಾಯುತ್ತದೆ. ಯುಪಿ, ಅಂದರೆ ಹಾದುಹೋಗಲು ಬಿಡುವ ವೋಲ್ಟೇಜ್, 1.5 ಕಿಲೋವೋಲ್ಟ್ ಅಥವಾ ಅದಕ್ಕಿಂತ ಕಡಿಮೆ.

ಎಲ್‌ಟಿ ಸಪ್ಲೈ ಇದ್ದು ಸ್ವಂತ ಗುಂಡಿ ಮಾತ್ರ ಇರುವಲ್ಲಿ 3+1 ಜೋಡಣೆ ತೆಗೆದುಕೊಳ್ಳಿ: ಮೂರು ಫೇಸಿನಿಂದ ನ್ಯೂಟ್ರಲ್‌ಗೆ ಎಂಒವಿ, ನ್ಯೂಟ್ರಲ್‌ನಿಂದ ಅರ್ಥಿಗೆ ಸ್ಪಾರ್ಕ್ ಗ್ಯಾಪ್. ಸ್ವಂತ ಟಿಸಿ ಇದ್ದು ಅಲ್ಲಿಂದಲೇ ಅರ್ಥ್ ಪಟ್ಟಿ ಬೇರೆ ಬಂದಿದ್ದರೆ 4+0 ನಡೆಯುತ್ತದೆ.

ಈಗ ತಂತಿಯ ಮಾತು. ಇಷ್ಟು ಹಣ ಕೊಟ್ಟು ತಂದ ಎಸ್‌ಪಿಡಿಯನ್ನು ನೀರಿನಲ್ಲಿ ಹಾಕುವುದು ಇಲ್ಲಿಯೇ. ಚೆಂದವಾಗಿ ಮಾಡಿದ ಒಂದು ಪ್ಯಾನಲಿನ ಬಾಗಿಲು ತೆರೆದು ನೋಡಿ: ಎಸ್‌ಪಿಡಿ ನಡುವಿನ ರೈಲಿನ ಮೇಲೆ ಸಾಲಾಗಿ ಕೂತಿದೆ. ಫೇಸ್ ವೈರುಗಳು ಎಂಸಿಸಿಬಿಯಿಂದ ಪಿವಿಸಿ ಡಕ್ಟಿನೊಳಗೆ ಇಳಿದು, ಮೂಲೆ ತಿರುಗಿ, ಮೇಲೆ ಹತ್ತಿ ಬಂದಿವೆ, 65 ಸೆಂಟಿಮೀಟರ್. ಹಸಿರು ವೈರ್ ಮತ್ತೊಂದು ಡಕ್ಟಿನಲ್ಲಿ ಇಳಿದು ಕೆಳಗಿನ ಅರ್ಥ್ ಪಟ್ಟಿಗೆ ಹೋಗಿದೆ, 55 ಸೆಂಟಿಮೀಟರ್. ಒಟ್ಟು 1.2 ಮೀಟರ್. ಒಂದು ವೈರೂ ಕೊಂಕಿಲ್ಲ, ಫೆರುಲ್ ನಂಬರ್ ಎಲ್ಲ ಸರಿ. ಆದರೆ ಒಂದು ಮೀಟರ್ ವೈರಿಗೆ ಸುಮಾರು 1 ಮೈಕ್ರೋಹೆನ್ರಿ ಇಂಡಕ್ಟನ್ಸ್ ಇರುತ್ತದೆ. ಮೈಕ್ರೋಸೆಕೆಂಡಿಗೆ ಒಂದು ಸಾವಿರ ಆಂಪಿಯರ್ ವೇಗದಲ್ಲಿ ಏರುವ ಸರ್ಜ್‌ಗೆ ಆ ಒಂದು ಮೀಟರಿನಲ್ಲೇ 1,000 ವೋಲ್ಟ್ ಏಳುತ್ತದೆ. ಎಸ್‌ಪಿಡಿಯ 1,500ಕ್ಕೆ ವೈರಿನ 1,200 ಸೇರಿ 2,700 ವೋಲ್ಟ್ ಡ್ರೈವ್ ಮತ್ತು ಪಿಎಲ್‌ಸಿ ತಲೆಗೆ ಬೀಳುತ್ತದೆ. ಪಿಎಲ್‌ಸಿಯಂಥ ಉಪಕರಣಗಳು ತಾಳಬೇಕಾದ ಮಿತಿ 2,500. ವೈರ್ ದಪ್ಪ ಮಾಡಿದರೆ ಇದು ಹೆಚ್ಚೇನೂ ಇಳಿಯುವುದಿಲ್ಲ, ಗಿಡ್ಡ ಮಾಡಿದರೆ ಮಾತ್ರ ಇಳಿಯುತ್ತದೆ.

ಹಾಗಾಗಿ ನಿಯಮ ಹೀಗೆ: ಫೇಸ್ ಕಡೆಯ ವೈರ್ ಮತ್ತು ಅರ್ಥ್ ಕಡೆಯ ವೈರ್ ಕೂಡಿ ಅರ್ಧ ಮೀಟರ್ ದಾಟಬಾರದು. ಎಸ್‌ಪಿಡಿಯನ್ನು ಅರ್ಥ್ ಪಟ್ಟಿಯ ಪಕ್ಕಕ್ಕೇ ತಂದು ಕೂರಿಸಿ, ಹಸಿರು ವೈರ್ ಒಂದು ಗೇಣಿನೊಳಗೆ ಮುಗಿಯಲಿ. ಇನ್ನೂ ಒಳ್ಳೆಯದು ವಿ-ಜೋಡಣೆ: ಬರುವ ಫೇಸ್ ವೈರ್ ಮೊದಲು ಎಸ್‌ಪಿಡಿ ಟರ್ಮಿನಲ್ಲಿಗೆ, ಅದೇ ಟರ್ಮಿನಲ್ಲಿನಿಂದ ಮುಂದೆ ಡ್ರೈವ್‌ಗೆ. ಆಗ ಫೇಸ್ ಕಡೆಯ ಉದ್ದ ಸೊನ್ನೆಯಾಗುತ್ತದೆ. ಟರ್ಮಿನಲ್ ಅಷ್ಟು ಲೋಡ್ ಕರೆಂಟ್ ತಾಳುತ್ತದೆಯೇ ಎಂದು ಕ್ಯಾಟಲಾಗಿನಲ್ಲಿ ನೋಡಿ. ನಮ್ಮ ಉದಾಹರಣೆಯ 32 ಆಂಪಿಯರಿಗೆ ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ. ಅರ್ಥ್ ವೈರ್ ಟೈಪ್ 2ಕ್ಕೆ ಕನಿಷ್ಠ 6, ಟೈಪ್ 1ಕ್ಕೆ 16 ಸ್ಕ್ವೇರ್ ಎಂಎಂ ತಾಮ್ರ. ವೈರ್ ನೋಡಲು ಸೊಟ್ಟಗಿದ್ದರೂ ಅಡ್ಡಿಯಿಲ್ಲ, ಡಕ್ಟಿನ ಹೊರಗೇ ನೇರ ಹೋಗಲಿ. ಎಸ್‌ಪಿಡಿಗೆ ಹೋಗುವ ವೈರನ್ನೂ ಅದು ಕಾಯುವ ವೈರನ್ನೂ ಒಂದೇ ಡಕ್ಟಿನಲ್ಲಿ ಜೋಡಿಯಾಗಿ ಓಡಿಸಬೇಡಿ, ಸರ್ಜ್ ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ.

ಬ್ಯಾಕಪ್ ಫ್ಯೂಸ್ ಬಗ್ಗೆ: ಎಸ್‌ಪಿಡಿ ಮೇಲೆ ಗರಿಷ್ಠ ಎಷ್ಟು ಫ್ಯೂಸ್ ಎಂದು ಬರೆದಿರುತ್ತದೆ. 125 ಆಂಪಿಯರ್ ಎಂದಿದ್ದು ನಿಮ್ಮ ಮೇಲಿನ ಫ್ಯೂಸ್ 63 ಇದ್ದರೆ ಬೇರೆ ಬೇಕಿಲ್ಲ. ಅಲ್ಲಿ 16 ಆಂಪಿಯರಿನ ಎಂಸಿಬಿ ಹಾಕುವ ಚಾಳಿ ಬಿಡಿ. ಮೊದಲ ಸರ್ಜ್‌ಗೇ ಅದು ಬೀಳುತ್ತದೆ, ಯಾರೂ ಎತ್ತುವುದಿಲ್ಲ, ಎರಡನೆಯ ಸಿಡಿಲಿಗೆ ಎಸ್‌ಪಿಡಿ ಲೈನಿನಲ್ಲೇ ಇರುವುದಿಲ್ಲ.

ಲೈನ್ ಚೋಕ್ ಮತ್ತು ಕಾಯುವ ರಿಲೇ

ಎಸ್‌ಪಿಡಿ ಕತ್ತರಿಸಿ ಉಳಿದ ಚೂಪನ್ನು ಮೊಂಡು ಮಾಡುವುದು ಚೋಕ್, ಅಂದರೆ ಲೈನಿನಲ್ಲೇ ಕೂರುವ ಕಾಯಿಲ್. ಟಿಸಿಯ ಕೆವಿಎ ಡ್ರೈವ್‌ನ ಕೆವಿಎಗಿಂತ 10 ಪಟ್ಟು ದೊಡ್ಡದಿದ್ದರೆ, ಅಥವಾ ಪಕ್ಕದಲ್ಲಿ ಕೆಪ್ಯಾಸಿಟರ್ ಬ್ಯಾಂಕ್, ವೆಲ್ಡಿಂಗ್ ಮಶೀನ್, ಇಂಡಕ್ಷನ್ ಫರ್ನೇಸ್ ಇದ್ದರೆ ಚೋಕ್ ಬಿಡಬೇಡಿ. ಫೌಂಡ್ರಿಗಳಿಗೆ ಇದು ಖಂಡಿತ. ನಮ್ಮ ಡ್ರೈವ್‌ಗೆ ಲೆಕ್ಕ: 415 ಭಾಗಿಸು (1.732 ಗುಣಿಸು 32), ಅಂದರೆ 7.5 ಓಮ್, ಅದರ 3 ಶೇಕಡಾ 0.225 ಓಮ್, 314ರಿಂದ (2π ಗುಣಿಸು 50 ಹರ್ಟ್ಸ್) ಭಾಗಿಸಿದರೆ 0.7 ಮಿಲಿಹೆನ್ರಿ. ಅಂಗಡಿಯಲ್ಲಿ “0.7 ಮಿಲಿಹೆನ್ರಿ, 35 ಆಂಪಿಯರ್, ತ್ರೀ ಫೇಸ್” ಎಂದು ಕೇಳಿ. ಜಾಗ ಎಸ್‌ಪಿಡಿ ಆದಮೇಲೆ, ಡ್ರೈವ್‌ಗೆ ಮುಂಚೆ. ಚೋಕ್ ಬಿಸಿಯಾಗುತ್ತದೆ, ಡ್ರೈವ್‌ನ ಕೆಳಗೆ ಕೂರಿಸಿದರೆ ಅದರ ಕಾವು ನೇರ ಡ್ರೈವ್‌ಗೆ ಏರುತ್ತದೆ, ಪಕ್ಕಕ್ಕಿಡಿ.

ಕರೆಂಟ್ ಹೋಗಿ ಬರುವ ಹೊತ್ತಿನ ಏರಿಳಿತಕ್ಕೆ ವೋಲ್ಟೇಜ್ ಮಾನಿಟರಿಂಗ್ ರಿಲೇ ಹಾಕಿ: ಕೆಳಗೆ 360, ಮೇಲೆ 460, ಫೇಸ್ ಫೇಲ್ಯೂರ್ ಸಹಿತ, ಸಪ್ಲೈ ಮರಳಿದ ಮೇಲೆ 30 ಸೆಕೆಂಡ್ ಕಾದು ಇನ್‌ಪುಟ್ ಕಾಂಟ್ಯಾಕ್ಟರ್ ಎತ್ತಲಿ. ಆ ಕಾಂಟ್ಯಾಕ್ಟರ್ ಕಾವಲಿಗೆ ಮಾತ್ರ. ಮೋಟರ್ ಚಾಲೂ ಮಾಡುವುದು, ನಿಲ್ಲಿಸುವುದು ಡ್ರೈವ್‌ನ ಕಂಟ್ರೋಲ್ ಟರ್ಮಿನಲ್ಲಿನಿಂದ.

ಮೋಟರ್ ಕೇಬಲ್

ಡ್ರೈವ್‌ನಿಂದ ಮೋಟರಿಗೆ ಶೀಲ್ಡ್ ಇರುವ ಕೇಬಲ್, ಅದಿಲ್ಲದಿದ್ದರೆ ಆರ್ಮರ್ಡ್. 15 ಕಿಲೋವ್ಯಾಟಿಗೆ 10 ಸ್ಕ್ವೇರ್ ಎಂಎಂ ತಾಮ್ರ ಸಾಕು. ಮೋಟರ್ ಬಾಡಿಯಿಂದ ಒಂದು ಅರ್ಥ್ ಕೇಬಲ್ ಜೊತೆಗೇ ಹಿಂದಕ್ಕೆ ಬಂದು ನೇರ ಡ್ರೈವ್‌ನ ಪಿಇ (ಅರ್ಥ್) ಟರ್ಮಿನಲ್ಲಿಗೆ ಸೇರಬೇಕು. ಎರಡನೆಯದು ಹತ್ತಿರದ ಅರ್ಥ್ ಪಟ್ಟಿಗೆ. ಮೋಟರ್ ಫ್ರೇಮಿಗೆ ಎರಡು ಪ್ರತ್ಯೇಕ ಅರ್ಥ್ ಬೇಕೆಂಬುದು ಸೆಂಟ್ರಲ್ ಎಲೆಕ್ಟ್ರಿಸಿಟಿ ಅಥಾರಿಟಿಯ 2023ರ ಸುರಕ್ಷತಾ ನಿಯಮ ಕೂಡ. ಡ್ರೈವ್‌ನ ಲೀಕೇಜ್ 3.5 ಮಿಲಿಆಂಪಿಯರ್ ದಾಟುವುದರಿಂದ ಡ್ರೈವ್‌ನ ಸ್ವಂತ ಅರ್ಥ್ ವೈರೂ 10 ಸ್ಕ್ವೇರ್ ಎಂಎಂ ತಾಮ್ರಕ್ಕಿಂತ ಕಡಿಮೆ ಇರಬಾರದು, ಇಲ್ಲವೇ ಎರಡು ವೈರ್ ಇರಬೇಕು. ನಾಲ್ಕು ಡ್ರೈವ್ ಇದ್ದರೆ ನಾಲ್ಕಕ್ಕೂ ಪಟ್ಟಿಯಿಂದ ಬೇರೆಬೇರೆ ವೈರ್ ಎಳೆಯಿರಿ. ಒಂದರಿಂದ ಒಂದಕ್ಕೆ ಮಾಲೆ ಕಟ್ಟಬೇಡಿ.

ಶೀಲ್ಡನ್ನು ಕಟ್ಟುವ ರೀತಿಯಲ್ಲಿ ಕೈಚಳಕ ಇದೆ. ಹೆಚ್ಚಿನವರು ಶೀಲ್ಡಿನ ಎಳೆಗಳನ್ನೆಲ್ಲ ಜಡೆಯಂತೆ ಹೊಸೆದು, ಲಗ್ ಒತ್ತಿ, ಬೋಲ್ಟಿಗೆ ಬಿಗಿಯುತ್ತಾರೆ. ಆ ಜಡೆ 10 ಸೆಂಟಿಮೀಟರ್ ಇದ್ದರೂ 1 ಕೋಟಿ ಹರ್ಟ್ಸ್‌ನ ಗದ್ದಲಕ್ಕೆ ಅದು 6 ಓಮ್ ತಡೆ. ಮೀಟರಿನಲ್ಲಿ ಸೊನ್ನೆ ತೋರಿಸುತ್ತದೆ, ಕೆಲಸಕ್ಕೆ ಬರುವುದಿಲ್ಲ. ಶೀಲ್ಡಿನ ಮೇಲಿನ ಸಿಪ್ಪೆಯನ್ನು 3 ಸೆಂಟಿಮೀಟರ್ ಬಿಡಿಸಿ, ಎಳೆ ಕೆದರದೆ ಹಾಗೇ ಬಿಟ್ಟು, ಸುತ್ತಲೂ ಅಪ್ಪಿಕೊಳ್ಳುವ ಲೋಹದ ಕ್ಲ್ಯಾಂಪಿನಿಂದ ಮೌಂಟಿಂಗ್ ಪ್ಲೇಟಿಗೆ ಒತ್ತಿ. ಮೋಟರ್ ಕಡೆ ಲೋಹದ ಗ್ಲ್ಯಾಂಡ್. ಪ್ಲೇಟಿಗೆ ಪೇಂಟ್ ಇದ್ದರೆ ಕ್ಲ್ಯಾಂಪ್ ಕೂರುವ ಜಾಗದಲ್ಲಿ ಕೆರೆದು ಲೋಹ ಕಾಣಿಸಿ, ಹಲ್ಲಿನ ವಾಶರ್ ಹಾಕಿ. ಪ್ಯಾನಲ್ ಬಾಗಿಲಿಗೆ ತೆಳ್ಳನೆಯ ವೈರಿಗಿಂತ ಅಗಲದ ಹೆಣೆದ ಪಟ್ಟಿ ಒಳ್ಳೆಯದು.

ಕೇಬಲ್ ಉದ್ದವಾದಷ್ಟೂ ಡ್ರೈವ್‌ನ ಪಲ್ಸ್ ಮೋಟರ್ ಟರ್ಮಿನಲ್ಲಿನಿಂದ ಅಲೆಯಂತೆ ಹಿಂದಕ್ಕೆ ಪುಟಿಯುತ್ತದೆ, ಅಲ್ಲಿ ಬಸ್ ವೋಲ್ಟೇಜಿನ ಎರಡು ಪಟ್ಟು, ಸುಮಾರು 1,200 ವೋಲ್ಟ್ ಎದ್ದು ವೈಂಡಿಂಗಿನ ಮೊದಲ ಸುತ್ತುಗಳನ್ನು ಚುಚ್ಚುತ್ತದೆ. ರಿವೈಂಡ್ ಆದ ಹಳೇ ಮೋಟರುಗಳು ಇದಕ್ಕೇ ಬಲಿ. 50 ಮೀಟರ್ ದಾಟಿದರೆ ಔಟ್‌ಪುಟ್ ಚೋಕ್ ಅಥವಾ ಪಲ್ಸ್‌ನ ಏರಿಕೆ ನಿಧಾನಿಸುವ ಡಿವಿ/ಡಿಟಿ ಫಿಲ್ಟರ್. ನೂರು ಮೀಟರ್ ಆಳದ ಬೋರಿನ ಸಬ್‌ಮರ್ಸಿಬಲ್ ಪಂಪಿಗೆ ಪಲ್ಸನ್ನು ನುಣುಪು ಅಲೆ ಮಾಡುವ ಸೈನ್ ಫಿಲ್ಟರ್. ಡ್ರೈವ್ ಮತ್ತು ಮೋಟರ್ ನಡುವೆ ಪವರ್ ಫ್ಯಾಕ್ಟರ್ ಕೆಪ್ಯಾಸಿಟರ್ ಇದ್ದರೆ ಕಿತ್ತು ಹಾಕಿ. ಹಳೇ ಸ್ಟಾರ್ಟರ್ ತೆಗೆದು ಡ್ರೈವ್ ಕೂರಿಸುವಾಗ ಮೋಟರ್ ಪಕ್ಕದ ಗೋಡೆಯ ಮೇಲೆ ಅದು ಮರೆತುಹೋಗಿರುತ್ತದೆ, ಹೊಸ ಡ್ರೈವ್ ಮೊದಲ ಸ್ಟಾರ್ಟಿಗೇ ಹೋಗುತ್ತದೆ.

ಸಿಗ್ನಲ್ ವೈರಿನ ಕಳ್ಳದಾರಿ

ಒಂದೇ ಪಟ್ಟಿಯ ನಿಯಮಕ್ಕೆ ಹೊರಗೆ ಉಳಿಯುವುದು ಇದೊಂದೇ. ಟ್ಯಾಂಕಿನ ಮೇಲಿನ ಲೆವೆಲ್ ಸೆನ್ಸರ್, ಬಾಯ್ಲರ್ ಚಿಮಣಿಯ ಟ್ರಾನ್ಸ್‌ಮಿಟರ್, ವೇಬ್ರಿಡ್ಜಿನಿಂದ ಬರುವ ಆರ್‌ಎಸ್-485 ಡೇಟಾ ಕೇಬಲ್, ಇವೆಲ್ಲ ಬೇರೆ ಜಾಗದ ನೆಲದ ವೋಲ್ಟೇಜನ್ನು ಹೊತ್ತು ಡ್ರೈವ್ ಒಳಗೆ ಬರುತ್ತವೆ. ಕಟ್ಟಡದ ಹೊರಗಿನಿಂದ ಬರುವ ಪ್ರತಿ ಸಿಗ್ನಲ್ ಜೋಡಿಗೂ 24 ವೋಲ್ಟಿನ ಸಿಗ್ನಲ್ ಎಸ್‌ಪಿಡಿ ಹಾಕಿ, ಅದರ ಅರ್ಥನ್ನೂ ಅದೇ ಪಟ್ಟಿಗೆ ಕೊಡಿ. ಉದ್ದದ 485 ಲೈನಿಗೆ ಐಸೊಲೇಟರ್, ಸಾಧ್ಯವಿದ್ದರೆ ಆಪ್ಟಿಕಲ್ ಫೈಬರ್. ಸಿಗ್ನಲ್ ವೈರ್ ಮೋಟರ್ ಕೇಬಲಿನಿಂದ 30 ಸೆಂಟಿಮೀಟರ್ ದೂರ, ದಾಟಲೇಬೇಕಾದರೆ ಕತ್ತರಿಯಂತಲ್ಲ, ಕೂಡಿಸುವ ಚಿಹ್ನೆಯಂತೆ ನೇರ ಅಡ್ಡ.

ಎರಡು ಸಣ್ಣ ಸ್ಕ್ರೂ

ಕೆಲವು ಡ್ರೈವ್‌ಗಳ ಮೈಮೇಲೆ “ಇಎಂಸಿ”, “ವಿಎಆರ್” ಎಂದು ಬರೆದ ಸ್ಕ್ರೂಗಳಿರುತ್ತವೆ. ಮೊದಲನೆಯದು ಫಿಲ್ಟರನ್ನು, ಎರಡನೆಯದು ಒಳಗಿನ ಎಂಒವಿಯನ್ನು ಬಾಡಿಗೆ ಕೂಡಿಸುತ್ತದೆ. ಅರ್ಥ್ ಆಗದ ನ್ಯೂಟ್ರಲ್ ಇರುವ ಸಪ್ಲೈಯಲ್ಲಿ ಇವನ್ನು ತೆಗೆಯಬೇಕು, ಅದಕ್ಕೇ ಇರುವುದು. ನ್ಯೂಟ್ರಲ್ ಅರ್ಥ್ ಮಾಡದ ಡಿಜಿ ಸೆಟ್ಟೂ ಇದೇ ಸಾಲಿಗೆ ಬರುತ್ತದೆ, ಅಲ್ಲಿ ಮೊದಲು ಡಿಜಿಯ ನ್ಯೂಟ್ರಲ್ ಸರಿಪಡಿಸಿ. ಆದರೆ ಆರ್‌ಸಿಸಿಬಿ ಟ್ರಿಪ್ ಆಗುತ್ತದೆಂದು ಎರಡೂ ಸ್ಕ್ರೂ ಬಿಚ್ಚಿ ಪ್ಯಾನಲ್ ತಳದಲ್ಲಿ ಬಿಸಾಕಿದ್ದು ಬೇಕಾದಷ್ಟು ಕಡೆ ಕಾಣುತ್ತದೆ. ಟ್ರಿಪ್ ನಿಂತಿತು, ಜೊತೆಗೆ ಡ್ರೈವ್‌ನ ಸ್ವಂತ ಸರ್ಜ್ ರಕ್ಷಣೆಯೂ ಹೋಯಿತು.

ಚಾಲೂ ಮಾಡುವ ಮುನ್ನ ಅಳತೆ

ಮೊದಲು ಮೋಟರಿಗೆ ಹೋಗುವ ಯು, ವಿ, ಡಬ್ಲ್ಯು ಮೂರೂ ವೈರುಗಳನ್ನು ಡ್ರೈವ್‌ನಿಂದ ಬಿಚ್ಚಿ, ಆಮೇಲೆ ಮೋಟರ್ ಮತ್ತು ಕೇಬಲಿಗೆ 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಒಂದು ನಿಮಿಷ. ಡ್ರೈವ್‌ಗೆ ಜೋಡಿಸಿಟ್ಟು ಮೆಗ್ಗರ್ ತಿರುಗಿಸಿದರೆ ನಿಮ್ಮ ಕೈಯಿಂದಲೇ ಐಜಿಬಿಟಿ ಹೋಗುತ್ತದೆ. 1 ಮೆಗಾಓಮಿಗಿಂತ ಕಡಿಮೆ ಬಂದರೆ ಓಡಿಸಬೇಡಿ. 5ಕ್ಕಿಂತ ಮೇಲಿದ್ದರೆ ನಿಶ್ಚಿಂತೆ. ಗ್ರಾನೈಟ್ ಪಾಲಿಶ್ ಮಶೀನುಗಳಲ್ಲಿ ಟರ್ಮಿನಲ್ ಬಾಕ್ಸಿನೊಳಗೆ ಕಲ್ಲಿನ ರಾಡಿ ಸೇರಿ ಈ ರೀಡಿಂಗ್ ಬೀಳುತ್ತದೆ, ಬಾಕ್ಸಿನ ರಬ್ಬರ್ ಪ್ಯಾಕಿಂಗ್ ನೋಡಿ.

ಮೋಟರ್ ಬಾಡಿಯಿಂದ ಡ್ರೈವ್ ಪಿಇವರೆಗೆ ಕಂಟಿನ್ಯುಟಿ: 10 ಸ್ಕ್ವೇರ್ ಎಂಎಂ ತಾಮ್ರ 30 ಮೀಟರಿಗೆ 0.06 ಓಮಿನ ಆಸುಪಾಸು ಬರಬೇಕು. ಇದನ್ನು ಸಾದಾ ಮಲ್ಟಿಮೀಟರ್ ಹೇಳಲಾರದು, ಮಿಲಿಓಮ್ ಮೀಟರ್ ಬೇಕು. 0.5 ಬಂದರೆ ಎಲ್ಲೋ ಲಗ್ ಸಡಿಲು ಅಥವಾ ಪೇಂಟಿನ ಮೇಲೆ ಬೋಲ್ಟ್ ಕೂತಿದೆ. ಗುಂಡಿಯ ಅಳತೆಗೆ ಕರೆಂಟ್ ಮೊಳೆಯನ್ನು 30 ಮೀಟರ್ ದೂರ ಹೊಡೆದರೆ ವೋಲ್ಟೇಜ್ ಮೊಳೆ 62 ಶೇಕಡಾ ದೂರದಲ್ಲಿ, ಅಂದರೆ 18.6 ಮೀಟರಿನಲ್ಲಿರಲಿ. ಅದನ್ನು ಮೂರು ಮೀಟರ್ ಹಿಂದೆ-ಮುಂದೆ ಸರಿಸಿದಾಗಲೂ ರೀಡಿಂಗ್ ಅಷ್ಟೇ ಇದ್ದರೆ ನಂಬಬಹುದು. ಅಳೆಯುವಾಗ ಆ ಗುಂಡಿಯ ಲಿಂಕ್ ಬಿಚ್ಚಬೇಕಾಗುತ್ತದೆ. ಪ್ಲಾಂಟ್ ಚಾಲೂ ಇರುವಾಗ, ಮೋಡ ಕಟ್ಟಿರುವಾಗ ಬಿಚ್ಚಬೇಡಿ, ಮುಗಿದ ಕೂಡಲೇ ಕೂಡಿಸಿ.

ಎಸ್‌ಪಿಡಿಯ ಕಿಟಕಿ ಹಸಿರಿದ್ದರೆ ಬದುಕಿದೆ, ಕೆಂಪಾದರೆ ಕಾರ್ಟ್ರಿಜ್ ಮುಗಿದಿದೆ. ಅದರ ರಿಮೋಟ್ ಕಾಂಟ್ಯಾಕ್ಟನ್ನು ಡ್ರೈವ್‌ನ ಒಂದು ಡಿಜಿಟಲ್ ಇನ್‌ಪುಟ್ಟಿಗೋ ಪ್ಯಾನಲ್ ಮೇಲಿನ ಒಂದು ದೀಪಕ್ಕೋ ಕೊಟ್ಟರೆ ಬಾಗಿಲು ತೆರೆಯದೆಯೇ ತಿಳಿಯುತ್ತದೆ. ಪ್ರತಿ ರೇಟಿಂಗ್‌ನ ಎರಡು ಬಿಡಿ ಕಾರ್ಟ್ರಿಜ್ ಸ್ಟೋರಿನಲ್ಲಿರಲಿ. ಸಿಡಿಲಿನ ಮಳೆ ಒಂದು ಸಂಜೆಗೆ ಮುಗಿಯುವುದಿಲ್ಲ, ಮರುದಿನ ಮಧ್ಯಾಹ್ನ ಮತ್ತೆ ಮೋಡ ಏಳುವ ಹೊತ್ತಿಗೆ ಹುಬ್ಬಳ್ಳಿಯಿಂದ ಪಾರ್ಸೆಲ್ ಬಂದಿರುವುದಿಲ್ಲ.